ಹಾಕದ ಕವಳದ ಕಲೆ

ನಾನು ಕವಳ ಹಾಕುವವಳಲ್ಲ. ಎಲೆ, ಅಡಿಕೆ, ಸುಣ್ಣ, ಮೇಲೊಂದು ಎಸಳು ತಂಬಾಕು ಸೇರಿಸಿ ಬಾಯಲ್ಲಿಟ್ಟು ಅಗಿಯುವುದಕ್ಕೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕವಳ ಹಾಕುವುದು ಎನ್ನುತ್ತಾರೆ. ನಾನು ಹುಟ್ಟಿದ್ದು ಹುಲೇಕಲ್ ಹತ್ತಿರ, ಅಡಿಕೆಯನ್ನೇ ಬೆಳೆದು ಬದುಕುವ ಮನೆಯಲ್ಲಿ. ಆದರೂ ಒಂದು ಹೋಳು ಅಡಿಕೆಯನ್ನು ನಾಲಿಗೆಯ ಮೇಲಿಟ್ಟದ್ದಿಲ್ಲ. ಇಷ್ಟು ಸಣ್ಣ ಮಾತನ್ನು ನಂಬಿಸಲು ಮೂವತ್ತು ವರ್ಷ ಒದ್ದಾಡಿದೆ. ಯಾರೂ ನಂಬಲಿಲ್ಲ. ಏಕೆಂದರೆ ನನ್ನ ಮೇಲ್ಸಾಲಿನ ಮುಂದಿನ ನಾಲ್ಕು ಹಲ್ಲುಗಳ ಮೇಲೆ ಕಲೆಗಳಿದ್ದವು.

ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವಾಗಲೇ ಅವು ಹಾಗೆ ಬಂದವು. ನಡುವಿನ ಎರಡರಲ್ಲಿ ಚಹಾ ಚೆಲ್ಲಿ ಒಣಗಿದಂಥ ಕಂದು ಬಣ್ಣ. ಅಕ್ಕಪಕ್ಕದ ಎರಡರಲ್ಲಿ ಬಿಳಿ ತೇಪೆ, ಅದರ ಸುತ್ತ ಹಳದಿ ಅಂಚು. ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿತ್ತು. ಬೇರೆ ಊರಿನಲ್ಲಾದರೆ ಇಂಥ ಹಲ್ಲು ಕಂಡವರು ಏನಾಯಿತು ಎಂದಾದರೂ ಕೇಳುತ್ತಿದ್ದರೇನೋ. ನಮ್ಮಲ್ಲಿ ಕೇಳುವ ಅಗತ್ಯವೇ ಇಲ್ಲ, ಉತ್ತರ ಎಲ್ಲರಿಗೂ ಮೊದಲೇ ಗೊತ್ತು. ಯಾರ ಮನೆಗೆ ಹೋದರೂ ಬಾಯಾರಿಕೆಗೆಂದು ಕೊಡುವ ಆಸರಿಗೆ ಕುಡಿದ ಮೇಲೆ ಕವಳದ ಬಟ್ಟಲು ಮುಂದೆ ಬರುವುದು ಇಲ್ಲಿಯ ಮರ್ಯಾದೆ. ನಾನು ಬೇಡ ಎಂದರೆ ಮನೆಯಾಕೆ ನನ್ನ ಬಾಯಿಯನ್ನೇ ನೋಡುತ್ತ ಬಟ್ಟಲನ್ನು ಇನ್ನಷ್ಟು ಹತ್ತಿರ ಸರಿಸುತ್ತಿದ್ದಳು.

"ನಮ್ಮೆದುರಿಗೆ ಎಂತ ನಾಚ್ಕೆ? ಹಾಕ್ಯಳಿ."

ಶಾಲೆಯಲ್ಲಿದ್ದಾಗ ಆಯಿ, ಅಂದರೆ ನನ್ನ ಅಮ್ಮ, ನನ್ನ ಹಲ್ಲನ್ನು ಉಮಿಕರಿಯಿಂದ ತಿಕ್ಕಿಸಿದಳು. ಅದಾದ ಮೇಲೆ ಉಪ್ಪು, ಅದಾದ ಮೇಲೆ ಲಿಂಬೆಹಣ್ಣು. ಕಲೆ ಅಲುಗಲಿಲ್ಲ, ನನ್ನ ವಸಡು ಮಾತ್ರ ಕಿತ್ತುಬಂತು. ನೆಂಟರಲ್ಲೊಬ್ಬರು ಇದಕ್ಕೂ ಕಾರಣ ಕಂಡುಹಿಡಿದರು. ಆಯಿ ಬಸುರಿಯಿದ್ದಾಗ ಕವಳ ಬಿಡಲಿಲ್ಲ, ಆ ಬಣ್ಣ ಹೊಟ್ಟೆಯೊಳಗಿನ ಮಗುವಿನ ಹಲ್ಲಿಗೆ ಇಳಿಯಿತು ಎಂದರು. ಅಂದಿನಿಂದ ಆಯಿ ನನ್ನೆದುರು ಕವಳ ಹಾಕುವುದನ್ನು ನಿಲ್ಲಿಸಿದಳು. ಹಿತ್ತಿಲಿಗೆ ಹೋಗಿ ಹಾಕಿ ಬರುತ್ತಿದ್ದಳು. ನನಗೆ ಅದು ನಗೆಯ ವಿಷಯವಾಗಿತ್ತು, ಅವಳಿಗೆ ಏನಾಗಿತ್ತೆಂದು ಕೇಳಲು ನನಗೆ ಬುದ್ಧಿ ಬರಲಿಲ್ಲ.

ಇಷ್ಟನ್ನು ಹೇಗೋ ಸಹಿಸಬಹುದಿತ್ತು. ಆದರೆ ನನ್ನ ಉದ್ಯೋಗ ನೋಡಿ. ನಾನು ಆರೋಗ್ಯ ಕಾರ್ಯಕರ್ತೆ. ಮನೆಮನೆಗೆ ಹೋಗಿ ಲಸಿಕೆ ಹಾಕುವುದು, ಬಸುರಿ ಬಾಣಂತಿಯರನ್ನು ನೋಡಿಕೊಳ್ಳುವುದು, ಅದರ ಜೊತೆಗೆ ಕವಳ ಬಿಡಿ, ಬಾಯಿ ಕ್ಯಾನ್ಸರ್ ಬರುತ್ತದೆ ಎಂದು ಜನರಿಗೆ ತಿಳಿಹೇಳುವುದು. ಕಂದು ಹಲ್ಲಿನವಳಿಗೆ ಈ ಕೆಲಸ! ಮೊದಲ ಪೋಸ್ಟಿಂಗು ದಾಸನಕೊಪ್ಪದ ಕಡೆ. ಮಹಿಳಾ ಸಂಘದ ಸಭೆಯಲ್ಲಿ ಚಿತ್ರಪಟ ಬಿಡಿಸಿ ಹೇಳುತ್ತಿದ್ದೆ. ಮುಂದೆ ಕೂತ ಅಜ್ಜಿಯೊಬ್ಬಳು ಕೈಯೆತ್ತಿದಳು.

"ಸಿಸ್ಟರ, ನೀವ ಮೊದ್ಲ ಬಿಡ್ರಿ. ಆಮ್ಯಾಲೆ ನಾವು ಬಿಡ್ತೀವಿ."

"ನಾನು ತಿನ್ನೂದೇ ಇಲ್ಲ ಅಜ್ಜಿ."

"ಹಲ್ಲ ಹೇಳತಾವಲ್ರಿ!"

ಇಡೀ ಸಭೆ ನಕ್ಕಿತು. ನಾನೂ ನಕ್ಕೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ಆ ಕೈ ಅಲ್ಲಿಂದ ಎಷ್ಟೋ ವರ್ಷ ಕೆಳಗಿಳಿಯಲಿಲ್ಲ. ಮದುವೆ ಫೋಟೋದಲ್ಲೂ ತುಟಿ ಬಿಗಿದುಕೊಂಡೇ ನಿಂತಿದ್ದೇನೆ, ನೋಡಿದವರಿಗೆ ಒತ್ತಾಯದ ಮದುವೆ ಎನ್ನಿಸಬೇಕು. ಕೊರೋನಾ ಬಂದಾಗ ಊರೆಲ್ಲ ಮಾಸ್ಕಿಗೆ ಶಾಪ ಹಾಕುತ್ತಿತ್ತು. ನನಗೆ ಮಾತ್ರ ಅದು ಹಬ್ಬವಾಗಿತ್ತು. ಆ ಕಾಲದಲ್ಲಿ ಜನ ನನ್ನ ಮಾತನ್ನು ಮಾತಾಗಿಯೇ ಕೇಳಿದರು. ಆಮೇಲೆ ಎಲ್ಲರೂ ಮಾಸ್ಕು ಬಿಚ್ಚಿದರು, ನಾನೂ ಬಿಚ್ಚಲೇಬೇಕಾಯಿತು.

ಅಷ್ಟರಲ್ಲಿ ನನಗೆ ಸಿದ್ದಾಪುರ ತಾಲೂಕಿಗೆ ವರ್ಗವಾಗಿತ್ತು. ಅಲ್ಲಿ ನನ್ನ ಪಾಲಿಗೆ ಬಂದ ಹಳ್ಳಿಗಳಲ್ಲೊಂದರಲ್ಲಿ ಸುಬ್ರಾಯಣ್ಣ ಎಂಬವರಿದ್ದರು. ಅರವತ್ತು ದಾಟಿದ ತೋಟಸ್ಥರು, ಎದ್ದಾಗಿನಿಂದ ಮಲಗುವವರೆಗೆ ಬಾಯಲ್ಲಿ ಕವಳ. ಬಾಯಿ ತಪಾಸಣೆಗೆ ನಮ್ಮದೊಂದು ಸರಳ ಕ್ರಮವಿದೆ. ಬಾಯಿ ಅಗಲಿಸಿ ಮೂರು ಬೆರಳು ಒಟ್ಟಿಗೆ ಹಿಡಿಯುತ್ತದೆಯೇ ಎಂದು ನೋಡುತ್ತೇವೆ. ಸುಬ್ರಾಯಣ್ಣನ ಬಾಯಿ ಎರಡು ಬೆರಳಿಗೇ ಗಟ್ಟಿಯಾಯಿತು. ಟಾರ್ಚು ಹಿಡಿದರೆ ಎಡಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ. ಶಿರಸಿಗೆ ಹೋಗಿ ತೋರಿಸಿ, ತಡ ಮಾಡಬೇಡಿ ಎಂದೆ. ಒಂದು ಸಲವಲ್ಲ, ಮೂರು ಸಲ ಹೋಗಿ ಹೇಳಿದೆ. ಮೂರನೆಯ ಸಲ ಅವರು ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದರು.

"ನೀ ಮೊದ್ಲು ನಿನ್ನ ಹಲ್ಲು ತೊಳ್ಕ ತಂಗಿ. ಆಮೇಲೆ ನನ್ನ ಬಾಯಿ ನೋಡಲಕ್ಕು."

ಅದೇ ತಿಂಗಳು ಯಲ್ಲಾಪುರದಲ್ಲೊಂದು ಶಿಬಿರವಿತ್ತು. ಬಾಯಿ ಕ್ಯಾನ್ಸರಿನ ಬಗ್ಗೆ ನಾನು ಮಾತಾಡುವುದೆಂದು ಮೊದಲೇ ಗೊತ್ತಾಗಿತ್ತು. ವಾರವಿಡೀ ತಯಾರಿ ಮಾಡಿಕೊಂಡು ಹೋಗಿದ್ದೆ. ವೇದಿಕೆ ಹತ್ತುವ ಹೊತ್ತಿಗೆ ಉಸ್ತುವಾರಿ ವಹಿಸಿದ್ದವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಬಹಳ ನಯವಾಗಿ, "ನೀವು ಈ ಸಲ ಹೆಸರು ಬರ್ಕೊಳ್ಳಿ ಮೇಡಂ. ಮಾತು ಬೇರೆಯವರು ಆಡ್ಲಿ. ಜನ ತಪ್ಪು ತಿಳ್ಕೊಳ್ತಾರೆ, ಬೇಜಾರು ಮಾಡ್ಕೋಬೇಡಿ" ಎಂದರು. ನಾನು ಹೆಸರು ಬರೆದುಕೊಂಡೆ. ದುಃಖವಾಗಲಿಲ್ಲ, ಸಿಟ್ಟು ಬಂತು. ಮಾಡಿದ ತಪ್ಪಿಗೆ ಬೈಸಿಕೊಳ್ಳಬಹುದು. ಮಾಡದ ತಪ್ಪಿಗೆ, ಅದೂ ನಾನು ದಿನಾ ಬೇಡ ಬೇಡ ಎಂದು ಗಂಟಲು ಹರಿದುಕೊಳ್ಳುವ ತಪ್ಪಿಗೆ, ನನ್ನನ್ನೇ ಮೂಲೆಗೆ ಕೂರಿಸಿದ್ದರು. ಇದನ್ನು ಹೀಗೇ ಬಿಡುವುದಿಲ್ಲ ಎಂದು ಅಂದೇ ತೀರ್ಮಾನ ಮಾಡಿದೆ.

ಮೊದಲು ಹೋದದ್ದು ದೂರದ ಪೇಟೆಯ ಒಂದು ಕ್ಲಿನಿಕ್ಕಿಗೆ. ಅಲ್ಲಿಯ ಡಾಕ್ಟರು ಎರಡೇ ನಿಮಿಷ ನೋಡಿದರು. ನಾಲ್ಕೂ ಹಲ್ಲನ್ನು ಸುತ್ತ ಅರೆದು ಸಣ್ಣ ಮಾಡಿ ಮೇಲೆ ಕ್ಯಾಪ್ ಹಾಕೋಣ, ವಾರದಲ್ಲಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ ಎಂದರು.

"ಹಲ್ಲು ಹುಳುಕಾಗಿದೆಯಾ?" ಎಂದು ಕೇಳಿದೆ.

"ಇಲ್ಲ, ಗಟ್ಟಿ ಇದೆ."

"ಅರೆದದ್ದು ಮತ್ತೆ ಬೆಳೀತದಾ?"

"ಇಲ್ಲ ಮೇಡಂ, ಹಲ್ಲು ಬೆಳೆಯೋದಿಲ್ಲ."

ನಾನು ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ. ಬಸ್ಸಿನಲ್ಲಿ ನನ್ನ ಗಂಡ ಪ್ರಕಾಶನಿಗೂ ನನಗೂ ಜಟಾಪಟಿ.

"ಊರವೆಲ್ಲ ಹಾಕ್ಸ್ಕತ್ತ. ಒಂದೇ ಸಲಕ್ಕೆ ಮುಗೀತಿತ್ತು. ನಿಂಗೊಂದು ಎಂತ ಹಟ ಮಾರಾಯ್ತಿ?"

"ನನ್ನ ಹಲ್ಲು ಎಂತ ತಪ್ಪು ಮಾಡಿದ್ದು ಹೇಳು, ಅದ್ರ ಅರೆಯಲೆ? ತಪ್ಪು ತಿಳ್ಕಂಡವು ಊರವು."

ಅವನು ಕಿಟಕಿಯ ಕಡೆ ತಿರುಗಿ ಕೂತ. ಮನೆಗೆ ಬಂದ ಮೇಲೂ ಎರಡು ದಿನ ಮಾತಿಲ್ಲ. ನಿಜ ಹೇಳುತ್ತೇನೆ, ನನಗೂ ಅಷ್ಟೇನೂ ಧೈರ್ಯವಿರಲಿಲ್ಲ. ಅರೆಸಿಕೊಂಡರೆ ನಾಳೆಯಿಂದಲೇ ವೇದಿಕೆ ಹತ್ತಬಹುದು. ಆದರೆ ಗಟ್ಟಿಯಾಗಿದ್ದ ಸ್ವಂತ ಹಲ್ಲು ಜೀವಮಾನಕ್ಕೆ ಹೋಯಿತು. ಸುಳ್ಳು ಆರೋಪಕ್ಕೆ ದಂಡ ಕಟ್ಟಿದ ಹಾಗೆ ಅನ್ನಿಸುತ್ತಿತ್ತು.

ನಮ್ಮ ಆಸ್ಪತ್ರೆಯ ಸಹೋದ್ಯೋಗಿಯೊಬ್ಬಳು ಶಿರಸಿಯ ಇನ್ನೊಬ್ಬ ಹಲ್ಲಿನ ಡಾಕ್ಟರ ಬಗ್ಗೆ ಹೇಳಿದಳು. ಹಾವೇರಿ ಕಡೆಯ ಹೆಣ್ಣುಮಗಳು, ಅರೆಯದೇ ಏನಾದರೂ ಮಾಡಲು ಬರುತ್ತದೆಯೇ ಎಂದು ಮೊದಲು ನೋಡುತ್ತಾರಂತೆ. ಪ್ರಕಾಶ ಬರಲಿಲ್ಲ, ಆಯಿ ಹುಲೇಕಲ್ಲಿನಿಂದ ಬಂದು ಜೊತೆಗೆ ಕೂತಳು. ಕಾಯುವ ಕೋಣೆಯ ಗೋಡೆಯ ಮೇಲೆ ತಂಬಾಕಿನಿಂದ ಕೆಟ್ಟ ಹಲ್ಲಿನ ದೊಡ್ಡ ಚಿತ್ರ. ಎದುರಿಗೆ ಕೂತವರೊಬ್ಬರು ಆ ಚಿತ್ರ ನೋಡುವುದು, ನನ್ನ ಬಾಯಿ ನೋಡುವುದು, ಮತ್ತೆ ಚಿತ್ರ ನೋಡುವುದು. ನನ್ನ ಕೈ ತಾನಾಗಿ ಬಾಯಿಗೆ ಹೋಯಿತು. ಆಯಿ ತನ್ನ ಕುರ್ಚಿಯನ್ನು ಎಳೆದು ನನಗೂ ಅವರಿಗೂ ನಡುವೆ ಕೂತಳು. ಐದಡಿಯೂ ಇಲ್ಲದ ನನ್ನ ಆಯಿ!

"ಬರ್ರಿ, ಕುಂದರ್ರಿ" ಎಂದು ಡಾಕ್ಟರು ಕರೆದರು. ಹಲ್ಲನ್ನು ಗಾಳಿಯಿಂದ ಒಣಗಿಸಿದರು, ಹಿಂದುಗಡೆಯಿಂದ ಸಣ್ಣ ದೀಪ ಹಿಡಿದರು, ಉಗುರಿನಲ್ಲಿ ಕೆರೆದ ಹಾಗೆ ಕಡ್ಡಿಯಿಂದ ಮೆಲ್ಲಗೆ ಗೀರಿ ನೋಡಿದರು. ಬೈಗುಳಕ್ಕೆ ಸಿದ್ಧಳಾಗಿ ಮಲಗಿದ್ದೆ. ಅವರು ದೀಪ ಆರಿಸಿ ಕೇಳಿದರು.

"ನೀವು ಎಲಿ ಅಡಿಕಿ ಹಾಕಂಗಿಲ್ಲ, ಅಲ್ರೀ?"

ತಲೆಯಾಡಿಸಿದೆ. ಕಣ್ಣೀರು ಕಿವಿಯೊಳಗೆ ಇಳಿಯಿತು, ಮಲಗಿದ ಕುರ್ಚಿಯಲ್ಲಿ ಅಳುವುದು ಎಂಥ ಅವಮಾನ ಎಂದು ಗೊತ್ತಿದ್ದವರಿಗೆ ಗೊತ್ತು.

"ಇದು ಮ್ಯಾಲೆ ಕುಂತ ಬಣ್ಣ ಅಲ್ರಿ. ಹಲ್ಲು ದವಡಿಯೊಳಗ ತಯಾರಾಗೋವಾಗನ ಆಗಿದ್ದು. ತಿಕ್ಕಿದ್ರ ಹೋಗಂಗಿಲ್ಲ, ತಿಕ್ಕಲೂಬಾರದು."

ಬಾಗಿಲ ಬಳಿ ನಿಂತಿದ್ದ ಆಯಿ ಒಳಗೆ ಬಂದಳು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಡಾಕ್ಟ್ರೇ, ಒಂದು ಮಾತು ಕೇಳ್ತೆ. ಇದು ಹೊಟ್ಟೇಲಿದ್ದಾಗ ಆನು ಕವಳ ಹಾಕ್ತಿದ್ದಿ. ಅದ್ಕೇ ಹಿಂಗಾತ?"

ಡಾಕ್ಟರು ಕೈಗವಸು ತೆಗೆದು ಅವಳ ಕಡೆ ತಿರುಗಿದರು.

"ಇಲ್ಲವ್ವಾ. ಈ ಹಲ್ಲಿನ ಮ್ಯಾಲಿನ ಪದರ ಆಗಿದ್ದ ಇವ್ರು ಹುಟ್ಟಿದ ಮ್ಯಾಲೆ. ಸಣ್ಣವರಿದ್ದಾಗ ಜ್ವರ ಬಂದಿತ್ತೋ ಏನೋ, ಈಗ ಯಾರೂ ಹೇಳಲಿಕ್ಕೆ ಬರಂಗಿಲ್ಲ. ಕವಳ ಬ್ಯಾರೆ ಕೆಡುಕು ಮಾಡ್ತದ, ಅದನ್ನ ನೀವು ಬಿಡ್ರಿ. ಆದ್ರ ಇದನ್ನ ನೀವು ಮಾಡಿಲ್ಲ."

ಆಯಿ "ಹೌದ" ಎಂದು ಒಂದೇ ಮಾತು ಹೇಳಿ ಹೊರಗೆ ಹೋದಳು. ನಾನು ಬಂದು ನೋಡಿದಾಗ ಕುರ್ಚಿಯಲ್ಲಿ ಕೂತು ಬಿಕ್ಕುತ್ತಿದ್ದಳು. ನನ್ನ ಹಲ್ಲಿನ ಕಲೆಯನ್ನು ನಾನೊಬ್ಬಳೇ ಹೊತ್ತಿದ್ದೇನೆಂದುಕೊಂಡಿದ್ದೆ. ಅವಳು ಹಿತ್ತಿಲಿನಲ್ಲಿ ನಿಂತು ಅಷ್ಟೂ ವರ್ಷ ಹೊತ್ತಿದ್ದಳು. ನನಗೆ ನನ್ನ ಮೇಲೇ ನಾಚಿಕೆಯಾಯಿತು.

ಚಿಕಿತ್ಸೆಗೆ ನಾಲ್ಕು ಸಲ ಹೋಗಬೇಕಾಯಿತು. ಮೊದಲ ಎರಡು ಸಲ ಕಂದು ಬಣ್ಣವನ್ನು ತಿಳಿಯಾಗಿಸುವ ಜೆಲ್ಲು. ಆ ರಾತ್ರಿಗಳಲ್ಲಿ ಹಲ್ಲು ಚುಳುಕ್ ಚುಳುಕ್ ಎನ್ನುತ್ತಿತ್ತು. ಮೂರನೆಯ ಸಲ ಮುಖ್ಯ ಕೆಲಸ. ಬಾಯಿಗೆ ನೀಲಿ ರಬ್ಬರಿನ ಹಾಳೆ ಬಿಗಿದು ಆ ನಾಲ್ಕು ಹಲ್ಲು ಮಾತ್ರ ಹೊರಗೆ ಕಾಣುವ ಹಾಗೆ ಮಾಡಿದರು. ಸೂಜಿಯಿಲ್ಲ, ಕೊರೆಯುವುದಿಲ್ಲ ಎಂದು ಹೇಳಿದ್ದರೂ ಯಾವುದೋ ಯಂತ್ರ ಗುಂಯ್ ಎಂದ ಕೂಡಲೇ ನಾನು ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದೆ. "ಅಂಜಬ್ಯಾಡ್ರಿ, ಅದು ಗಾಳಿ" ಎನ್ನುತ್ತಿದ್ದರು. ಹುಳಿಯಂಥದೇನೋ ಹಚ್ಚಿ, ತೊಳೆದು, ಒಣಗಿಸಿ, ಹಲ್ಲಿನ ಮೇಲೆ ಒಂದು ಹನಿ ಬಿಟ್ಟು ನನ್ನ ಕೈಗೆ ಕನ್ನಡಿ ಕೊಟ್ಟರು.

ಕಲೆ ಇರಲಿಲ್ಲ! ನಾಲ್ಕು ಹಲ್ಲು, ಎಲ್ಲರ ಹಲ್ಲಿನ ಹಾಗೆ. ನಾನು ನೋಡುತ್ತಿದ್ದಂತೆಯೇ ಆ ಹನಿ ಆರಿತು, ಮಚ್ಚೆಗಳು ಮೊದಲಿಗಿಂತ ಬೆಳ್ಳಗೆ, ಮೊದಲಿಗಿಂತ ದೊಡ್ಡದಾಗಿ ಎದ್ದು ಬಂದವು. ಕೆಡಿಸಿಬಿಟ್ಟರು ಎಂದೇ ತಿಳಿದೆ. ರಬ್ಬರು ಬಿಗಿದ ಬಾಯಲ್ಲಿ ಕೇಳಲೂ ಆಗದು.

"ಇದು ಬರೇ ತಾಲೀಮ್ರಿ" ಎಂದು ಡಾಕ್ಟರು ನಕ್ಕರು. "ಹನಿ ಒಳಗ ಇಳದ್ರ ಹೆಂಗ ಕಾಣ್ತದ ಅಂತ ತೋರಿಸಿದೆ. ಈಗ ಇಳದು ಅಲ್ಲೇ ಉಳಿಯೋದನ್ನ ಹಾಕತೀನಿ."

ತಿಳಿನೀರಿನಂಥ ಅಂಟನ್ನು ಹಚ್ಚಿ ಅದು ಹಲ್ಲಿನೊಳಗೆ ಇಳಿಯುವವರೆಗೆ ಸುಮ್ಮನೆ ಕಾದರು. ಆ ಕೆಲವು ನಿಮಿಷಗಳಷ್ಟು ಉದ್ದದ ಹೊತ್ತನ್ನು ನಾನು ನೋಡಿಲ್ಲ. ಆಮೇಲೆ ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಕನ್ನಡಿ ಬೇಡ, ನಾಲ್ಕನೆಯ ಸಲ ಬಂದಾಗ ನೋಡಿ ಎಂದರು. ಎರಡು ದಿನ ಬಣ್ಣದ ಪದಾರ್ಥ ತಿನ್ನುವ ಹಾಗಿರಲಿಲ್ಲ. ಅರಿಶಿನವಿಲ್ಲ, ಕಾಫಿಯಿಲ್ಲ, ಮೆಣಸಿನಪುಡಿಯಿಲ್ಲ. ಆಯಿ ನಮ್ಮ ಮನೆಯಲ್ಲೇ ಉಳಿದು ಮೂರು ಹೊತ್ತೂ ಬಿಳಿ ಅಡುಗೆ ಮಾಡಿದಳು. ಗಂಜಿ, ಮೊಸರನ್ನ, ಚಟ್ನಿಯಿಲ್ಲದ ತೆಳ್ಳೇವು ದೋಸೆ. ಪ್ರಕಾಶನಿಗೂ ಅದನ್ನೇ ಬಡಿಸಿದಳು. ಕ್ಯಾಪ್ ಹಾಕಿಸು ಎಂದದ್ದಕ್ಕೆ ಶಿಕ್ಷೆ ಎಂದು ಅವನು ಗೊಣಗುತ್ತ ಉಂಡ. ನಾಲ್ಕನೆಯ ಸಲ ತಾನೇ ಬೈಕಿನಲ್ಲಿ ಕರೆದುಕೊಂಡು ಹೋದ.

ಮೂರು ಹಲ್ಲಿನ ಕಲೆ ಹೋಗಿತ್ತು. ನಡುವಿನ ಬಲಗಡೆಯದರಲ್ಲಿ ಮಾತ್ರ ಅಕ್ಕಿಕಾಳಿನಷ್ಟು ತೆಳು ಕಂದು ಉಳಿದಿತ್ತು.

"ಅದು ಆಳಕ್ಕ ಐತ್ರಿ. ಬೇಕಂದ್ರ ಒಂಚೂರು ಕೊರದು ತುಂಬೋಣ."

"ಬೇಡ ಡಾಕ್ಟ್ರೇ. ಅದು ನನ್ನದೇ. ಇರ್ಲಿ" ಎಂದೆ. ಪ್ರಕಾಶ ಬಾಯಿ ತೆರೆದವನು ನನ್ನ ಮುಖ ನೋಡಿ ಮುಚ್ಚಿಕೊಂಡ.

ನಿಮ್ಮ ಮನೆಯಲ್ಲೂ ಇಂಥ ಹಲ್ಲಿನ ಮಗುವಿದ್ದರೆ ಒಂದು ಮಾತು. ಬೂದಿ, ಇದ್ದಿಲು, ಲಿಂಬೆ ಹಿಡಿದು ಅದರ ಹಿಂದೆ ಓಡಬೇಡಿ. ಏನು ತಿಂದೆ ಎಂದು ಅದನ್ನು ವಿಚಾರಣೆ ಮಾಡಬೇಡಿ. ಅದರ ತಾಯಿಯನ್ನಂತೂ ಮಾಡಲೇಬೇಡಿ. ಎಲ್ಲರ ಕಲೆಯೂ ನನ್ನದರ ಹಾಗೆ ಹೋಗುತ್ತದೆಂದು ನಾನು ಹೇಳಲಾರೆ. ಅರೆಯುವ ಮೊದಲು ಅರೆಯದ ದಾರಿ ಇದೆಯೇ ಎಂದು ಕೇಳಿ, ಅಷ್ಟೇ.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಕೈ ಕೆಳಗಿಳಿಸಿ, ಬಾಯಿತುಂಬ ನಗುತ್ತ ಕೆಲಸಕ್ಕೆ ಹೋದೆ. ಜನ ಬಹಳ ಸಂತೋಷಪಟ್ಟರು. "ಸಿಸ್ಟರು ಅಂತೂ ಕವಳ ಬಿಟ್ಟಿದ್ವಡ" ಎಂದು ಊರಿಂದೂರಿಗೆ ಸುದ್ದಿಯಾಯಿತು. ನನಗೆ ಅಭಿನಂದನೆ! ಹಲ್ಲು ಬೆಳ್ಳಗಾದರೂ ಆರೋಪ ಹೋಗಲಿಲ್ಲ, ಹಾಕುವವಳಾಗಿದ್ದವಳು ಬಿಟ್ಟವಳಾದೆ. ಸಿಕ್ಕಸಿಕ್ಕವರೊಡನೆ ವಾದ ಮಾಡಿದೆ. ಅವರು ಇನ್ನಷ್ಟು ನಕ್ಕರು.

ಹಾಗೆ ಕುದಿಯುತ್ತಲೇ ಒಂದು ದಿನ ಸುಬ್ರಾಯಣ್ಣನ ಮನೆಗೆ ಹೋದೆ. ಅವರು ಕನ್ನಡಕ ಸರಿಮಾಡಿಕೊಂಡು ನನ್ನ ಬಾಯಿಯನ್ನೇ ದಿಟ್ಟಿಸಿದರು.

"ಕಡೆಗೂ ಬಿಟ್ಯನೆ ತಂಗಿ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ದನಿ ತಗ್ಗಿಸಿ ಕೇಳಿದರು.

"ಬಿಟ್ಟಮೇಲೆ ಎಂತಾಗ್ತು? ತಲೆ ತಿರುಗ್ತ? ಕೈ ನಡುಗ್ತ?"

ತಮಾಷೆಯಲ್ಲ. ಕಣ್ಣಲ್ಲಿ ಹೆದರಿಕೆಯಿತ್ತು. ಈ ಮನುಷ್ಯ ಮೊದಲ ಬಾರಿಗೆ ಬಿಡುವ ಬಗ್ಗೆ ಕೇಳುತ್ತಿದ್ದ. ಆ ಎಡಗೆನ್ನೆಯ ಒಳಗೇನಿದೆಯೆಂದು ನನಗೆ ಗೊತ್ತಿತ್ತು. ನಾನು ಜಗುಲಿಯ ಮೇಲೆ ಕೂತೆ.

"ಮೊದ್ಲ ಹದಿನೈದು ದಿನ ಕಷ್ಟ ಸುಬ್ರಾಯಣ್ಣ. ಆಮೇಲೆ ಅಡ್ಡಿಲ್ಲೆ" ಎಂದೆ. ಬಿಟ್ಟವರಿಂದ ಕೇಳಿ ತಿಳಿದದ್ದನ್ನು ನನ್ನದೆಂಬಂತೆ ಹೇಳಿದೆ. ಬಾಯಿ ಒಣಗಿದರೆ ಏಲಕ್ಕಿ ಇಟ್ಟುಕೊಳ್ಳಿ, ಊಟವಾದ ಕೂಡಲೇ ಎದ್ದು ನಡೆಯಿರಿ ಎಂದೆ. ಮೂವತ್ತು ವರ್ಷ ನಾನು ಹೇಳಿದ ನಿಜವನ್ನು ಯಾರೂ ನಂಬಲಿಲ್ಲ, ಆ ಒಂದು ಸುಳ್ಳನ್ನು ಸುಬ್ರಾಯಣ್ಣ ಕೈಮುಗಿದು ನಂಬಿದರು. ಕವಳದ ಸಂಚಿಯನ್ನು ಹೆಂಡತಿಯ ಕೈಗೆ ಕೊಟ್ಟು, ಒಳಗಿಡು ಎಂದರು. ಮರುದಿನವೇ ಶಿರಸಿಗೆ ಹೊರಟರು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು, ಕೆನ್ನೆಯಿಂದ ಚೂರು ತೆಗೆದು ಪರೀಕ್ಷೆ ಮಾಡಿದರು. ವರದಿ ಬರುವವರೆಗೆ ನಾನೂ ಸರಿಯಾಗಿ ಊಟ ಮಾಡಲಿಲ್ಲ. ಕ್ಯಾನ್ಸರ್ ಆಗಿರಲಿಲ್ಲ. ಆದರೆ ಕವಳ ಮುಂದುವರಿಸಿದ್ದರೆ ಆಗುವ ದಾರಿಯಲ್ಲಿತ್ತು. ಇನ್ನು ಮುಟ್ಟಬೇಡಿ, ಮೂರು ತಿಂಗಳಿಗೊಮ್ಮೆ ಬನ್ನಿ ಎಂದು ಕಳಿಸಿದರಂತೆ.

ಅವರು ಮುಟ್ಟಲಿಲ್ಲ. ಎರಡನೆಯ ತಪಾಸಣೆಯೂ ಮುಗಿಯಿತು. ನನಗೆ ಮಾತ್ರ ನೆಮ್ಮದಿಯಿರಲಿಲ್ಲ. ನನ್ನ ಮೇಲಿನ ಸುಳ್ಳಿಗೆ ಕೊನೆಗೆ ನಾನೇ ಸಾಕ್ಷಿ ಹೇಳಿದ್ದೆ.

"ಸುಮ್ಮಂಗಿರು ಮಾರಾಯ್ತಿ. ನಿಜ ಕೇಳಿ ಅಂವ ಮತ್ತೆ ಶುರು ಮಾಡಿರೆ?" ಎಂದ ಪ್ರಕಾಶ. ಆ ಹೆದರಿಕೆ ನನಗಿರಲಿಲ್ಲವೇ? ಇತ್ತು. ಆದರೆ ಒಬ್ಬ ಮನುಷ್ಯ ಜೀವಮಾನದ ಚಟವನ್ನು ಬಿಟ್ಟಿರುವಾಗ ಅವನ ಜೊತೆ ನಾನೂ ಬಿಟ್ಟವಳ ವೇಷ ಹಾಕಿ ಕೂರುವುದು ನನ್ನಿಂದಾಗಲಿಲ್ಲ. ಹೋದೆ. ಸುಬ್ರಾಯಣ್ಣ ಜಗುಲಿಯಲ್ಲಿ ಕೂತು ಏಲಕ್ಕಿ ಬಿಡಿಸುತ್ತಿದ್ದರು.

"ಸುಬ್ರಾಯಣ್ಣ, ಆನು ನಿಂಗಳ ಹತ್ರ ಸುಳ್ಳು ಹೇಳಿದ್ದಿ. ಆನು ಕವಳ ಬಿಟ್ಟಿದ್ದಲ್ಲ. ಒಂದು ದಿನವೂ ಹಾಕಿದ್ದೇ ಇಲ್ಲೆ."

"ಒಂದು ದಿನವೂ?"

"ಒಂದು ದಿನವೂ."

ಅವರು ಬಗ್ಗಿ ನನ್ನ ಹಲ್ಲನ್ನೇ ನೋಡಿದರು. "ಹಂಗಾರೆ ಆ ಕಲೆ?"

"ಅದು ಹಲ್ಲು ಬರಕಾರೇ ಬಂದಿದ್ದು."

ಅವರು ಏಲಕ್ಕಿಯ ಸಿಪ್ಪೆಯನ್ನು ಬೆರಳಲ್ಲಿ ಮಡಚುತ್ತ, ಬಿಡಿಸುತ್ತ ಕೂತರು. ಈಗ ಸಂಚಿ ತಾ ಎಂದು ಒಳಗೆ ಕೂಗುತ್ತಾರೆ ಎಂದುಕೊಂಡೆ. ಅವರು ಕೂಗಿದರು.

"ಏ, ಬಾರೆ ಇಲ್ಲಿ! ಈ ತಂಗಿ ಕವಳ ಹಾಕಿದ್ದೇ ಇಲ್ಲೆಡ, ಕೇಳ್ದ್ಯ? ಬಿಟ್ಟಂವ ಆನೊಬ್ನೇಯ!"